ಹತ್ತು ಮನೆ ನೋಡುವ ಅಕ್ಕ

ನಮ್ಮಕ್ಕ ರಸ್ತೆ ದಾಟುವಾಗ ಅರ್ಧದಲ್ಲೇ ನಿಂತುಬಿಡುತ್ತಾಳೆ. ಮೋಡ ನೋಡಲಿಕ್ಕೋ, ಯಾರದೋ ಕಿಟಕಿಯಲ್ಲಿ ಒಣಹಾಕಿದ ಬಟ್ಟೆ ನೋಡಲಿಕ್ಕೋ, ಅವಳಿಗೇ ಗೊತ್ತಿರುವುದಿಲ್ಲ. ಗಾಡಿಯವರು ಹಾರ್ನ್ ಹೊಡೆದು, ಬೈದು, ಕೊನೆಗೆ ಸುತ್ತಿಕೊಂಡು ಹೋಗುತ್ತಾರೆ. ಒಲೆಯ ಮೇಲೆ ಹಾಲಿಟ್ಟು ಮರೆಯುತ್ತಾಳೆ. ಒಂದೇ ಅಡುಗೆಗೆ ಎರಡು ಸಲ ಉಪ್ಪು ಹಾಕುತ್ತಾಳೆ. ಇಂಥವಳು ನಲವತ್ತು ವರ್ಷದಿಂದ ಪ್ರಾಣಿಗಳ ಆಸ್ಪತ್ರೆಯ ರಕ್ತಪರೀಕ್ಷೆಯ ಕೋಣೆಯಲ್ಲಿ ಕೂತು, ಬರಿಗಣ್ಣಿಗೆ ಕಾಣದ ಕಣಗಳನ್ನು ಒಂದೂ ತಪ್ಪದೆ ಎಣಿಸುತ್ತಾಳೆ ಅಂದರೆ ಯಾರೂ ನಂಬುವುದಿಲ್ಲ. ಬೆನ್ನಿಗೆ ಬಿದ್ದ ತಂಗಿ ನಾನು, ನಾನೇ ಬಹಳ ಕಾಲ ನಂಬಿರಲಿಲ್ಲ.

ಅಮ್ಮ ತೀರಿಕೊಂಡಾಗ ನನಗೆ ಒಂಬತ್ತು, ಅಕ್ಕನಿಗೆ ಹದಿನೇಳು. ಆ ವರ್ಷವೇ ಅವಳು ಆಸ್ಪತ್ರೆಯಲ್ಲಿ, ರಕ್ತದ ಹನಿ ಹರಡಿ ನೋಡುವ ಗಾಜಿನ ಪಟ್ಟಿ ತೊಳೆಯುವ ಕೆಲಸಕ್ಕೆ ಸೇರಿದಳು. ತೊಳೆಯುವ ಮುಂಚೆ ಅದರ ಮೇಲೆ ಏನಿದೆ ಅಂತ ಕದ್ದು ನೋಡುತ್ತಿದ್ದಳಂತೆ. ಆಗ ಅಲ್ಲಿ ರಕ್ತ ಪರೀಕ್ಷಿಸುತ್ತಿದ್ದ ಮುದುಕ ಮೇಷ್ಟರು ಅದನ್ನು ಕಂಡು ಗದರುವ ಬದಲು ಸ್ಟೂಲು ಎಳೆದು ಕೂರಿಸಿದರು. ಅಂದು ಕೂತವಳು ಇನ್ನೂ ಎದ್ದಿಲ್ಲ.

ಬೆಳಗ್ಗೆ ನನ್ನ ತಲೆ ಬಾಚುವಾಗ ಅವಳು ಹೇಳುತ್ತಿದ್ದುದೆಲ್ಲ ರಕ್ತದೂರಿನ ಕತೆ. ಆ ಊರಿನಲ್ಲಿ ಕೆಂಪು ಜನರು ಹೊರೆ ಹೊರುವವರು. ಬಿಳಿಯರು ಕಾವಲುಗಾರರು, ದೊಡ್ಡ ಮೈ, ನಿಧಾನ ನಡಿಗೆ. ಇನ್ನು ಪ್ಲೇಟ್ಲೆಟ್ ಅನ್ನುವವು ಇದ್ದವು. ಮೂಳೆಯೊಳಗಿನ ಮಜ್ಜೆಯಲ್ಲಿ ಕೂತ ಒಬ್ಬ ದೈತ್ಯನ ಮೈಯಿಂದ ಉದುರಿದ ಚೂರುಗಳು, ಪೂರ್ತಿ ಜೀವಕೋಶ ಕೂಡ ಅಲ್ಲ. ಊರಿನ ಗೋಡೆ ಎಲ್ಲಿ ಒಡೆದರೂ ಮೊದಲು ಓಡಿ ಹೋಗಿ ಅಂಟಿಕೊಂಡು ತೇಪೆ ಹಾಕುವವು ಇವೇ.

"ತೇಪೆ ಹಾಕಿದ್ರೆ ಮುಗೀತಾ?" ಎಂದು ನಾನು ಕೇಳುತ್ತಿದ್ದೆ.

"ಎಲ್ಲಿ ಮುಗಿಯತ್ತೆ? ಅಷ್ಟು ದೊಡ್ಡ ಕಾವಲುಗಾರನಿಗೆ ಒಡೆದಿದ್ದೆಲ್ಲಿ ಅಂತ ತಾನಾಗಿ ಗೊತ್ತಾಗಲ್ಲ ಕಣೇ. ಈ ಚೂರುಗಳೇ ಅವನ ಮೈಗಂಟಿಕೊಂಡು, ಅಂಗಿ ಹಿಡಿದೆಳೆದು, 'ಬಾರಯ್ಯಾ, ಇಲ್ಲಿ ಕೆಲಸ ಇದೆ' ಅಂತ ಕರ್ಕೊಂಡು ಬರಬೇಕು. ತಲೆ ಅಲ್ಲಾಡಿಸಬೇಡ, ಬೈತಲೆ ಸೊಟ್ಟಗಾಗತ್ತೆ."

ನಾನು ದೊಡ್ಡವಳಾಗಿ ಹೊಲಿಗೆ ಅಂಗಡಿ ಇಟ್ಟಿದ್ದು ಆ ಕತೆಯಿಂದಲೇ ಇರಬೇಕು. ಹರಿದ ಕೋಟು, ಕಿತ್ತ ಜಿಪ್ಪು, ಕಿಟಕಿ ಪರದೆ, ತೇಪೆಯ ಕೆಲಸವೆಂದರೆ ನನಗೆ ಈಗಲೂ ಇಷ್ಟ. ಕೆಳಗೆ ಅಂಗಡಿ, ಮೇಲೆ ನಮ್ಮಿಬ್ಬರ ಎರಡು ಕೋಣೆ. ಮದುವೆ ಅನ್ನುವುದು ಅವಳಿಗೆ ನೆನಪಾಗಲಿಲ್ಲ, ನನಗೆ ಬಗೆಹರಿಯಲಿಲ್ಲ. ಒಂಬತ್ತನೆಯ ವಯಸ್ಸಿನಿಂದ ಇಂದಿನವರೆಗೆ ನಾನು ಕೇಳಿದ್ದನ್ನು ಅಕ್ಕ ಇಲ್ಲ ಅಂದದ್ದಿಲ್ಲ. ನನಗೆ ಐವತ್ತು ಹತ್ತಿರ ಬಂದರೂ ಅವಳ ಬಾಯಲ್ಲಿ ನಾನು "ಮರಿ".

ಆಸ್ಪತ್ರೆಯಲ್ಲಿ ಅವಳ ಹೆಸರು ಹತ್ತು ಮನೆ ಅಕ್ಕ. ಮೈಕ್ರೋಸ್ಕೋಪಿನಲ್ಲಿ ಒಂದು ಸಲಕ್ಕೆ ಕಾಣುವುದು ಒಂದು ಸಣ್ಣ ದುಂಡು ಜಾಗ, ಅಷ್ಟೇ. ಅದಕ್ಕೆ ಅವಳು ಮನೆ ಅನ್ನುತ್ತಾಳೆ. ಗಾಜಿನ ಪಟ್ಟಿಯನ್ನು ಕೂದಲೆಳೆಯಷ್ಟು ಸರಿಸಿದರೆ ಪಕ್ಕದ ಮನೆ. ಮೊದಲು ರಕ್ತ ಹರಡಿದ ಅಂಚನ್ನು ನೋಡಬೇಕು, ಆಮೇಲೆ ನಡುವಿನಲ್ಲಿ ಹತ್ತು ಮನೆ ಹೊಕ್ಕು ಪ್ಲೇಟ್ಲೆಟ್ ಎಣಿಸಬೇಕು, ಅಲ್ಲಿಯತನಕ ತುಟಿ ಬಿಚ್ಚಬಾರದು. ಇದು ಮುದುಕ ಮೇಷ್ಟರು ಹಾಕಿಕೊಟ್ಟ ಪಾಠ. ಡಾಕ್ಟರಮ್ಮನೇ ಬಾಗಿಲಲ್ಲಿ ನಿಂತು ಅವಸರ ಮಾಡಿದರೂ ಅಕ್ಕ, "ಆರನೇ ಮನೇಲಿದೀನಿ ಡಾಕ್ಟ್ರೇ" ಅಂತಾಳೆಯೇ ಹೊರತು ತಲೆ ಎತ್ತುವುದಿಲ್ಲ.

ಎಂಟು ವರ್ಷದ ಹಿಂದೆ ಎಣಿಸುವ ಮೆಷಿನ್ ಬಂತು. ಇನ್ನು ಅಕ್ಕನ ಸ್ಟೂಲು ಗುಜರಿಗೆ ಎಂದು ಎಲ್ಲರೂ ತಮಾಷೆ ಮಾಡಿದರು. ಆದರೆ ನಾಯಿಗಳ ಪ್ಲೇಟ್ಲೆಟ್ ಬಲು ಅಂಜುಬುರುಕ. ರಕ್ತ ತೆಗೆಯುವಾಗ ನಾಯಿ ಸ್ವಲ್ಪ ಕೊಸರಾಡಿದರೂ ಸಾಕು, ಅವು ಒಂದನ್ನೊಂದು ತಬ್ಬಿಕೊಂಡು ಗುಂಪಾಗಿ ಪಟ್ಟಿಯ ಅಂಚಿಗೆ ಸೇರುತ್ತವೆ, ಕೆಲವು ಹೋಗಿ ಬಿಳಿ ಕಣದ ಸುತ್ತ ಅಂಟಿಕೊಳ್ಳುತ್ತವೆ. ಮೆಷಿನ್ನಿಗೆ ಒಂಟಿಯಾಗಿ ಹಾಯುವವು ಮಾತ್ರ ಲೆಕ್ಕ. ಗುಂಪನ್ನು ಅದು ಬೇರೇನೋ ಅಂದುಕೊಂಡು ಬಿಟ್ಟುಬಿಡುತ್ತದೆ, ಪ್ಲೇಟ್ಲೆಟ್ಟೇ ಇಲ್ಲ ಎಂದು ಚೀಟಿ ಉಗುಳುತ್ತದೆ. ಬ್ರೆಡ್ಡಿನ ಅಂಗಡಿಯವನ ನಾಯಿಗೆ ಹೀಗೇ ಆಗಿ, ಬೇಡದ ಕಾಯಿಲೆಗೆ ಬೇಡದ ಔಷಧಿ ಶುರುವಾಗುವುದರಲ್ಲಿತ್ತು. ಅಕ್ಕ ಅಂಚಿನಲ್ಲಿ ಗುಂಪು ಕಂಡು ತಪ್ಪಿಸಿದಳು. ಜೀವ ಉಳಿಸಿದಿರಿ ಎಂದು ಅವನು ಕೈಮುಗಿದರೆ, "ನಾನೇನು ಮಾಡ್ದೆ, ಎಣಿಸ್ದೆ" ಅಂದಳು. ಅಂಥವು ವರ್ಷಕ್ಕೆ ಹತ್ತಾರು. ಅಕ್ಕ ನೋಡಿದರೆ ಮೆಷಿನ್ ಸುಳ್ಳಾಗುತ್ತದೆ ಅನ್ನುವ ನಂಬಿಕೆ ಊರಿನಲ್ಲಿ ಬೇರು ಬಿಟ್ಟಿತು. ನನ್ನಲ್ಲಿ ಎಲ್ಲರಿಗಿಂತ ಜಾಸ್ತಿ.

ನನ್ನ ನಾಯಿ ಬೂದಿ. ಮೈಬಣ್ಣ ಬೂದಿ, ಹಾಗಾಗಿ ಹೆಸರೂ ಅದೇ. ಹೊಲಿಗೆ ಯಂತ್ರದ ಕೆಳಗೆ, ಕತ್ತರಿಸಿದ ಬಟ್ಟೆ ಚೂರುಗಳ ರಾಶಿಯ ಮೇಲೆ ಮಲಗುವುದು ಅವಳ ಉದ್ಯೋಗ. ಏಳು ವರ್ಷದಿಂದ ನನ್ನ ಕಾಲು ಅವಳ ಬೆನ್ನಿಗೆ ತಾಗಿಕೊಂಡೇ ಯಂತ್ರ ತುಳಿದಿದೆ. ಗಿರಾಕಿಗಳ ಮೇಲೆ ರೇಗುವ ನಾನು ಅವಳ ಮೇಲೆ ಒಂದು ದಿನವೂ ರೇಗಿಲ್ಲ, ಅದು ಅಕ್ಕನ ಆಕ್ಷೇಪಣೆ.

ಒಂದು ಮಂಗಳವಾರ ಬೆಳಗ್ಗೆ ಬೂದಿ ಎದ್ದು ಬಾಲ ಅಲ್ಲಾಡಿಸಲಿಲ್ಲ. ಅವಳು ತಲೆಯಿಟ್ಟಿದ್ದ ಬಿಳಿ ಅಸ್ತರಿನ ಚೂರಿನ ಮೇಲೆ ರಕ್ತದ ಕಲೆ. ಮೂಗಿನಿಂದ ಬಂದಿತ್ತು. ಹೊಟ್ಟೆ ತಿರುಗಿಸಿ ನೋಡಿದರೆ ಸೂಜಿಯಲ್ಲಿ ಚುಚ್ಚಿದಂತೆ ಕೆಂಪು ಚುಕ್ಕೆಗಳು. ಅಳತೆ ಕೊಡಲು ಬಂದವರನ್ನು ಹಾಗೇ ನಿಲ್ಲಿಸಿ, ಅವಳನ್ನು ಹೊದಿಕೆಯಲ್ಲಿ ಸುತ್ತಿ ಎತ್ತಿಕೊಂಡು ಓಡಿದೆ.

ರಕ್ತ ತೆಗೆದರು, ಮೆಷಿನ್ನಿಗೆ ಕೊಟ್ಟರು. ಡಾಕ್ಟರಮ್ಮ ಚೀಟಿ ಹಿಡಿದು ಬಂದರು.

"ಎರಡು ಲಕ್ಷ ಇರಬೇಕಾದ ಕಡೆ ಪ್ಲೇಟ್ಲೆಟ್ ಒಂಬತ್ತು ಸಾವಿರ ಅಂತಿದೆ ಇದು. ನಿಜವಾದ್ರೆ, ಇವಳ ಕಾವಲು ಕಣಗಳೇ ಇವಳ ಪ್ಲೇಟ್ಲೆಟ್‌ಗಳನ್ನ ಶತ್ರು ಅಂದ್ಕೊಂಡು ನುಂಗ್ತಾ ಇವೆ ಅಂತ ಅರ್ಥ. ಬೇಲಿನೇ ಎದ್ದು ಹೊಲ ಮೇದ ಹಾಗೆ. ಹಾಗಿದ್ರೆ ಈಗಲೇ ಔಷಧಿ ಶುರು ಮಾಡಬೇಕು, ತಡ ಆದ್ರೆ ಒಳಗೆಲ್ಲಾದ್ರೂ ರಕ್ತ ಸುರಿದು ಹೋಗತ್ತೆ. ಮೆಷಿನ್ ಸುಳ್ಳಾದ್ರೆ ಆ ಔಷಧಿ ಕೊಡೋ ಹಾಗಿಲ್ಲ, ಇರೋ ಕಾವಲನ್ನೇ ಮಲಗಿಸಿಬಿಡತ್ತೆ. ನಿಮ್ಮಕ್ಕ ನೋಡ್ಲಿ. ಅವರು ಹೇಳಿದ ಹಾಗೆ."

ಅಂದರೆ ಎಲ್ಲ ಅಕ್ಕನ ಕಣ್ಣಿನ ಮೇಲೆ ನಿಂತಿತು. ರಕ್ತಪರೀಕ್ಷೆಯ ಕೋಣೆಗೆ ಚೀಟಿ ಒಳಗೆ ಹೊರಗೆ ಕೊಡಲು ಒಂದು ಸಣ್ಣ ಕಿಂಡಿ ಇದೆ. ನಾನು ಅದರಲ್ಲಿ ಮುಖ ತೂರಿಸಿ ನಿಂತೆ. ಅಕ್ಕ ಬಣ್ಣ ಹಾಕಿ ಒಣಗಿಸಿದ ಪಟ್ಟಿಯನ್ನು ಮೈಕ್ರೋಸ್ಕೋಪಿನ ಕೆಳಗಿಟ್ಟು ಕಣ್ಣು ಹಚ್ಚಿದಳು.

"ಅಕ್ಕಾ, ಮೆಷಿನ್ ಸುಳ್ಳು ತಾನೇ?"

"ಇರು ಮರಿ."

"ಗುಂಪಿದೆ ತಾನೇ? ಬ್ರೆಡ್ ಅಂಗಡಿಯವನ ನಾಯಿಗೆ ಇತ್ತಲ್ಲ, ಹಾಗೆ? ಇದೆ ಅನ್ನೇ. ನನ್ನ ಕೈಕಾಲೇ ಆಡ್ತಿಲ್ಲ, ಇದೆ ಅನ್ನೇ ಅಕ್ಕಾ."

ಎಷ್ಟು ಸಲ ಹೇಳಿದೆನೋ. ಕಡೆಗೆ ಅವಳು ತಲೆಯೆತ್ತಿ ನನ್ನನ್ನು ನೋಡಿದಳು, ಮತ್ತೆ ಬಗ್ಗಿ ಒಂದು ಗಳಿಗೆ ನೋಡಿದಳು. "ಇದೆ," ಅಂದಳು. "ಅಂಚಲ್ಲಿ ಗುಂಪಿದೆ. ಬಿಳಿ ಕಣಕ್ಕೆ ಅಂಟಿಕೊಂಡಿವೆ."

ಹೋದ ಜೀವ ಬಂದಂತಾಯಿತು. ಡಾಕ್ಟರಮ್ಮ ಬೂದಿಯ ಹೊಟ್ಟೆಯ ಚುಕ್ಕೆಗಳನ್ನು ಇನ್ನೊಮ್ಮೆ ನೋಡಿ ಹುಬ್ಬು ಗಂಟಿಕ್ಕಿದರು, ಆದರೂ, "ನಿಮ್ಮಕ್ಕ ಹೇಳಿದ ಮೇಲೆ ಮುಗೀತು. ಔಷಧಿ ಈಗ ಬೇಡ, ನಾಳೆ ಬೆಳಗ್ಗೆ ಕರ್ಕೊಂಡು ಬನ್ನಿ, ಇನ್ನೊಂದ್ಸಲ ರಕ್ತ ತೆಗೆಯೋಣ" ಎಂದರು. ನಾನು ದಾರಿಯುದ್ದಕ್ಕೂ ಬೂದಿಗೆ, ಮೆಷಿನ್ನಿಗೆ, ಮೋಡಕ್ಕೆ ಏನೇನೋ ಹೇಳುತ್ತ ಮನೆಗೆ ಬಂದೆ.

ಮಧ್ಯಾಹ್ನ ಅಕ್ಕ ಊಟಕ್ಕೆ ಬಂದಳು. ಅರ್ಧ ತಿಂದು ತಟ್ಟೆ ಸರಿಸಿದಳು. ಊಟದ ಮೇಲೆ ಇಪ್ಪತ್ತು ನಿಮಿಷ ಅಂಗಡಿಯ ಬೆಂಚಿನ ಮೇಲೆ ಕಾಲು ಚಾಚಿ ಮಲಗುವುದು ಅವಳ ರೂಢಿ. ಅಂದೂ ಮಲಗಿದಳು. ಹೊರಗೆ ಬಿಸಿಲು ಬಿಳಿ ಬಟ್ಟೆಯಂತೆ ಹರಡಿತ್ತು. ನಾನು ಯಾರದೋ ಪರದೆಗೆ ಅಂಚು ಹೊಲಿಯುತ್ತಿದ್ದೆ. ಕಾಲಡಿ ಬೂದಿ ಸದ್ದಿಲ್ಲದೆ ಉಸಿರಾಡುತ್ತಿದ್ದಳು. ಯಂತ್ರದ ಶಬ್ದಕ್ಕೆ ನನಗೂ ತೂಕಡಿಕೆ ಬಂದು, ಹೊಲಿಗೆ ಪರದೆಯ ಮೇಲೋ ಬಿಸಿಲಿನ ಮೇಲೋ ಹೋಗುತ್ತಿದೆ ಅನ್ನುವಂತಾಗಿತ್ತು.

ಆ ಇಪ್ಪತ್ತು ನಿಮಿಷದಲ್ಲಿ ಅಕ್ಕ ಕಂಡ ಕನಸನ್ನು ನನಗೆ ಹೇಳಿದ್ದು ಆಮೇಲೆ. ತಿಳಿಗುಲಾಬಿ ಬಣ್ಣದ ಬೀದಿ. ಸಾಲಾಗಿ ಹತ್ತು ಮನೆ, ಎಲ್ಲದರ ಬಾಗಿಲೂ ತೆರೆದಿದೆ. ಮೊದಲನೆಯದಕ್ಕೆ ಹೋಗಿ, "ಯಾರಿದೀರಿ?" ಅಂದಳು. ಯಾರೂ ಇಲ್ಲ. ದಾರ ಪೋಣಿಸಿದ ಸೂಜಿ ಮೇಜಿನ ಮೇಲಿದೆ, ತೇಪೆಗೆ ಕತ್ತರಿಸಿದ ಬಟ್ಟೆ ಇದೆ, ಹೊಲಿಯುವವರಿಲ್ಲ. ಎರಡನೆಯ ಮನೆ ಹಾಗೇ, ಮೂರನೆಯದೂ ಹಾಗೇ. ಅವಳ ಕಾಲು ನೆಲಕ್ಕೆ ತಾಗುತ್ತಿಲ್ಲ, ತೇಲಿಕೊಂಡೇ ಮನೆಯಿಂದ ಮನೆಗೆ ಹೋಗುತ್ತಿದ್ದಾಳೆ. ಹತ್ತನೆಯ ಮನೆಯಲ್ಲಿ ಮಾತ್ರ ಒಬ್ಬ ದೊಡ್ಡ ಕಾವಲುಗಾರ ಗೋಡೆಗೊರಗಿ ಕೂತಿದ್ದಾನೆ. "ಇಲ್ಲಿನ ತೇಪೆಯವರೆಲ್ಲ ಎಲ್ಲಪ್ಪಾ?" ಎಂದು ಕೇಳಿದಳು. ಅವನು ಅವಳನ್ನು ಪ್ರೀತಿಯಿಂದಲೇ ನೋಡಿದ. ಬಾಯಿ ಮಾತ್ರ ತೆರೆಯಲಿಲ್ಲ. ಕೆನ್ನೆ ಎರಡೂ ಉಬ್ಬಿದ್ದವು.

ಅಕ್ಕ ದಡಕ್ಕನೆ ಎದ್ದು ಕೂತಳು.

"ನಾನು ಹತ್ತು ಮನೆ ನೋಡ್ಲಿಲ್ಲ," ಅಂದಳು.

"ಏನು?"

"ಅಂಚು ನೋಡ್ದೆ, ಅಲ್ಲಿ ಒಂದೇ ಒಂದು ಬಿಳಿ ಕಣಕ್ಕೆ ಮೂರು ಅಂಟಿದ್ವು. ಅಷ್ಟಕ್ಕೇ ಗುಂಪಿದೆ ಅಂದುಬಿಟ್ಟೆ. ಒಳಗಿನ ಮನೆ ಒಂದೂ ನೋಡ್ಲಿಲ್ಲ ಮರಿ."

ಚಪ್ಪಲಿ ಮರೆತು ಹೊರಟಳು. ಆ ದಿನ ಅವಳು ರಸ್ತೆಯ ಮಧ್ಯೆ ನಿಲ್ಲಲಿಲ್ಲ. ನಾನು ಬೂದಿಯನ್ನು ಎತ್ತಿಕೊಂಡು ಹಿಂದೆ ಓಡಿದೆ.

ಈ ಸಲ ಕಿಂಡಿಯ ಬಾಗಿಲು ಮುಚ್ಚಿತ್ತು. ಕಾಲು ಗಂಟೆ ಕಳೆದು ಅಕ್ಕ ತಾನೇ ಹೊರಗೆ ಬಂದಳು, ನನ್ನನ್ನು ದಾಟಿ ನೇರ ಡಾಕ್ಟರಮ್ಮನ ಹತ್ತಿರ ಹೋದಳು. "ಹತ್ತು ಮನೆಗೆ ಎರಡು, ಡಾಕ್ಟ್ರೇ. ನೂರಾದ್ರೂ ಇರಬೇಕಿತ್ತು. ಮೆಷಿನ್ ಹೇಳಿದ್ದೇ ಸರಿ. ನಾನು ಹೇಳಿದ್ದು ತಪ್ಪು."

ಡಾಕ್ಟರಮ್ಮ ಒಂದು ಮಾತೂ ಆಡದೆ ಬೂದಿಯನ್ನು ನನ್ನ ತೋಳಿನಿಂದ ತೆಗೆದುಕೊಂಡು ಒಳಗೆ ಹೋದರು. ಅವರು ಆಡದ ಮಾತನ್ನೆಲ್ಲ ನಾನು ಆಡಿದೆ. ಪಡಸಾಲೆಯಲ್ಲಿ, ಬೆಕ್ಕು ನಾಯಿ ಹಿಡಿದು ಕೂತವರೆಲ್ಲರ ಎದುರಿಗೆ, ಬಾಯಿಗೆ ಬಂದಂತೆ ಬೈದೆ.

"ನಲವತ್ತು ವರ್ಷ ಮಣ್ಣು ಹೊತ್ತೆಯಾ? ಬೀದಿ ನಾಯಿಗೆಲ್ಲ ಹತ್ತು ಮನೆ, ನನ್ನ ನಾಯಿಗೆ ಒಂದೂ ಇಲ್ವಾ? ಯಾಕೆ ಸುಳ್ಳು ಹೇಳ್ದೆ ನಂಗೆ?"

ಅಕ್ಕ ಬರಿಗಾಲಲ್ಲಿ ನಿಂತಿದ್ದಳು. ಹೆಬ್ಬೆರಳಿನ ತುದಿ ಎಲ್ಲೋ ಎಡವಿ ಕಿತ್ತಿತ್ತು.

"ನೀನು ಕೇಳಿದ್ದು ಕೊಟ್ಟೆ," ಅಂದಳು. "ಯಾವತ್ತೂ ಕೊಟ್ಟ ಹಾಗೆ."

ಕೋಪದಲ್ಲಿ ಕೊಯ್ದ ಮೂಗು ಶಾಂತಿಯಲ್ಲಿ ಬರುವುದಿಲ್ಲ ಅನ್ನುತ್ತಾರೆ. ನನಗೆ ಮೂಗಿನ ತುದಿಯಲ್ಲೇ ಕೋಪ, ಹಾಗಾಗಿ ಅದೆಷ್ಟು ಮೂಗು ಕೊಯ್ದಿದ್ದೇನೋ. ಆದರೆ ಅಕ್ಕನ ಆ ಮಾತು ನನ್ನದನ್ನೇ ಕೊಯ್ದಿತು. ಕಿಂಡಿಯಲ್ಲಿ ಮುಖ ತೂರಿಸಿ ನಿಂತವಳು ನಾನೇ ತಾನೇ.

ಬೂದಿಯನ್ನು ಮೂರು ದಿನ ಆಸ್ಪತ್ರೆಯಲ್ಲೇ ಇಟ್ಟುಕೊಂಡರು. ತಪ್ಪು ತಿಳಿದ ಕಾವಲುಗಾರರನ್ನು ಮಲಗಿಸಲು ಮಾತ್ರೆ, ಮಜ್ಜೆಯಿಂದ ಹೊಸ ಚೂರುಗಳು ಬೇಗ ಉದುರಲೆಂದು ಒಂದು ಇಂಜೆಕ್ಷನ್. ಅರ್ಧ ದಿನ ತಡವಾದದ್ದರಿಂದ ಏನಾದೀತು ಎಂದು ಕೇಳಿದರೆ ಡಾಕ್ಟರಮ್ಮ, "ಏಳು ದಿನ ಆಗ್ಲಿ, ಹೇಳ್ತೀನಿ" ಎಂದರು. ಅಕ್ಕ ಬಿಡುವಾದಾಗಲೆಲ್ಲ ಬೂದಿಯ ಗೂಡಿನ ಮುಂದೆ ನೆಲದ ಮೇಲೆ ಕೂತಿರುತ್ತಿದ್ದಳು. ನಾನು ಹೋದರೆ ಎದ್ದು ಜಾಗ ಬಿಡುತ್ತಿದ್ದಳು. ಮನೆಯಲ್ಲಿ ಒಂದೇ ಮೇಜಿಗೆ ಕೂತು ತಟ್ಟೆ ನೋಡಿಕೊಂಡು ತಿಂದೆವು. ಆ ವಾರ ಅವಳ ಅಡುಗೆಗೆ ಉಪ್ಪು ಒಂದೇ ಸಲ ಬಿದ್ದಿತ್ತು, ಅದೇ ನನಗೆ ಹೆದರಿಕೆ ಹುಟ್ಟಿಸಿತು. ಕನಸು ಕಾಣದ ಅಕ್ಕ ಯಾರೋ ಬೇರೆಯವಳಂತೆ ಇದ್ದಳು.

ನಾಲ್ಕನೆಯ ದಿನ ಬೂದಿ ಮನೆಗೆ ಬಂದಳು. ಹಾರಬಾರದು, ಎಲ್ಲಿಗೂ ತಾಗಬಾರದು. ನಾನು ಯಂತ್ರದ ಕಾಲುಗಳಿಗೆಲ್ಲ ಹತ್ತಿ ಸುತ್ತಿದೆ. ಮಾತ್ರೆಯ ದೆಸೆಯಿಂದ ಲೋಟಗಟ್ಟಲೆ ನೀರು ಕುಡಿದು ಅಲ್ಲಲ್ಲೇ ಉಚ್ಚೆ ಹೊಯ್ದಳು. ಒರೆಸುತ್ತಾ, ಇದೆಲ್ಲ ಒಳ್ಳೆಯ ಲಕ್ಷಣವೋ ಕೆಟ್ಟದ್ದೋ ಎಂದು ಅಕ್ಕನನ್ನು ಕೇಳಲು ನಾಲಗೆಯ ತುದಿಗೆ ಬರುತ್ತಿತ್ತು. ಕೇಳಲಿಲ್ಲ. ಕೇಳಿದರೆ ನನಗೆ ಬೇಕಾದ ಉತ್ತರವನ್ನೇ ಕೊಟ್ಟಾಳೆಂಬ ಭಯ.

ಏಳನೆಯ ದಿನ ರಕ್ತ ತೆಗೆದರು. ಮೆಷಿನ್ನಿನ ಚೀಟಿಯನ್ನು ಅಕ್ಕ ನೋಡದೆ ಮಡಚಿ ಜೇಬಿಗೆ ಹಾಕಿಕೊಂಡಳು. ಪಟ್ಟಿಗೆ ಬಣ್ಣ ಹಾಕಿ ಒಣಗಿಸಿದಳು. ಆಮೇಲೆ ಕೋಣೆಯ ಬಾಗಿಲು ತೆಗೆದು ನನ್ನನ್ನು ಕರೆದಳು.

"ನೀನು ನೋಡು."

"ನಂಗೇನು ಗೊತ್ತಾಗತ್ತೆ?"

"ಸೂಜಿಗೆ ದಾರ ಪೋಣಿಸ್ತೀಯಲ್ಲ, ಅಷ್ಟು ಕಣ್ಣು ಸಾಕು. ಬೂದಿದು ಅಂದ್ರೆ ನನ್ನ ಕಣ್ಣನ್ನ ನಾನೇ ನಂಬಲ್ಲ ಈಗ. ಅಂಚು ನೋಡಿದೀನಿ, ಗುಂಪಿಲ್ಲ. ಸಣ್ಣ ನೇರಳೆ ಚುಕ್ಕೆ ಎಷ್ಟಿದೆ ಅಷ್ಟು ಹೇಳು. ಪಟ್ಟಿ ನಾನು ಸರಿಸ್ತೀನಿ. ಬರೆಯೋ ಮುಂಚೆ ಡಾಕ್ಟರಮ್ಮನೂ ನೋಡ್ತಾರೆ."

ಅವಳ ಸ್ಟೂಲಿನ ಮೇಲೆ ಕೂತೆ. ನಲವತ್ತು ವರ್ಷದಲ್ಲಿ ಅದೇ ಮೊದಲು. ಅಕ್ಕ ಪಕ್ಕದಲ್ಲಿ ನಿಂತು ಕಣ್ಣು ಮುಚ್ಚಿಕೊಂಡಳು.

ಕಣ್ಣು ಹಚ್ಚಿದರೆ ತಿಳಿಗುಲಾಬಿ ಬೆಳಕು. ಸಂಜೆಯ ಆಕಾಶದೊಳಕ್ಕೆ ಬಿದ್ದಂತೆ ಮೈ ಹಗುರಾಯಿತು. ದುಂಡು ದುಂಡು ಕೆಂಪು ಜನರು ನಿಶ್ಶಬ್ದವಾಗಿ ನಿಂತಿದ್ದಾರೆ. ತಲೆ ಬಾಚಿಸಿಕೊಳ್ಳುತ್ತ ಕೇಳಿದ ಊರು ಇದೇ. ನನಗೆ ಗುರುತು ಸಿಕ್ಕಿತು. ಅವರ ನಡುವೆ ಪುಡಿ ಉದುರಿದಂತೆ ನೇರಳೆ ಚೂರುಗಳು.

"ಮೂರು," ಅಂದೆ.

ಅಕ್ಕ ಪಟ್ಟಿ ಸರಿಸಿದಳು. ಊರು ಮೆಲ್ಲಗೆ ತೇಲಿಹೋಗಿ ಇನ್ನೊಂದು ಮನೆ ಬಂತು.

"ನಾಲ್ಕು... ಇಲ್ಲಿ ಎರಡು."

ನಾಲ್ಕನೆಯ ಮನೆ ಬಂತು. ನೋಡಿದೆ. ಮೂಲೆ ಮೂಲೆ ಹುಡುಕಿದೆ. ಕೆಂಪು ಜನರ ಹೊರತು ಏನೂ ಇಲ್ಲ. ಕಿಂಡಿಯ ಆಚೆ ಬೂದಿ ಡಾಕ್ಟರಮ್ಮನ ಹತ್ತಿರ ಕುಂಯ್‌ಗುಟ್ಟುವುದು ಕೇಳಿಸಿತು. ಪಕ್ಕದಲ್ಲಿ ಅಕ್ಕ ಉಸಿರು ಹಿಡಿದದ್ದೂ ಗೊತ್ತಾಯಿತು. ಎರಡು ಅಂದುಬಿಡೋಣ ಅನ್ನಿಸಿತು. ಯಾರಿಗೆ ತಿಳಿಯುತ್ತದೆ? ಒಂದು ಎರಡರಿಂದ ಏನು ಮುಳುಗುತ್ತದೆ? ಸುಳ್ಳು ಹೇಳುವ ಆಸೆ ಅಲ್ಲ ಅದು. ಅವಳ ಎದೆ ಹಗುರ ಮಾಡುವ ಆಸೆ. ಕಿಂಡಿಯಲ್ಲಿದ್ದ ನನ್ನ ಮುಖ ನೋಡಿ ಬಗ್ಗಿದಾಗ ಅಕ್ಕನಿಗೆ ಏನಾಗಿತ್ತೆಂದು ನನಗೆ ಆಗ ತಿಳಿಯಿತು.

"ಖಾಲಿ," ಅಂದೆ. "ಈ ಮನೇಲಿ ಯಾರೂ ಇಲ್ಲ ಅಕ್ಕ."

ಅವಳು ಪಟ್ಟಿ ಸರಿಸಿದಳು. ಐದರಲ್ಲಿ ಮೂರು. ಆರರಲ್ಲಿ ಐದು, ಅದರಲ್ಲೊಂದು ಉಳಿದವಕ್ಕಿಂತ ಬಲು ದಪ್ಪ. ಮಜ್ಜೆಯಿಂದ ಈಗ ತಾನೇ ಇಳಿದ ಹೊಸ ಚೂರು ಹಾಗಿರುತ್ತದೆ ಎಂದಳು. ಏಳರಲ್ಲಿ ನಾಲ್ಕು, ಎಂಟರಲ್ಲಿ ಎರಡು. ಒಂಬತ್ತನೆಯ ಮನೆಯಲ್ಲಿ ಒಬ್ಬ ಕಾವಲುಗಾರ ಸಿಕ್ಕಿದ. ಅವನ ಮೈಯಲ್ಲೇ ಒಂದು ನೇರಳೆ ಚೂರು.

"ಅಕ್ಕಾ, ಇವನು ಒಂದನ್ನ ನುಂಗಿದಾನೆ."

"ನುಂಗಿದಾನೋ, ಅದೇ ಅವನನ್ನ ತಬ್ಬಿಕೊಂಡಿದೆಯೋ? ನೋಡೋಕೆ ಎರಡೂ ಒಂದೇ ಥರ. ಬಲಗಡೆ ಸಣ್ಣ ತಿರುಪು ಇದೆ, ಮೆಲ್ಲಗೆ ತಿರುಗಿಸು."

ತಿರುಗಿಸಿದೆ. ಕಾವಲುಗಾರ ಮಸುಕಾಗಿ ಕೆಳಗೆ ಸರಿದ. ಚೂರು ಮಾತ್ರ ಮೇಲೆ ನಿಚ್ಚಳವಾಗಿ ನಿಂತಿತು.

"ಮೇಲಿದೆ! ಒಳಗಿಲ್ಲ, ಮೇಲೆ ಕೂತಿದೆ."

"ಹಾಗಾದ್ರೆ ಲೆಕ್ಕಕ್ಕೆ ತಗೋ."

ಅದೂ ಸೇರಿ ಮೂರು. ಹತ್ತನೆಯ ಮನೆಯಲ್ಲಿ ಐದು. ಅಕ್ಕ ಬೆರಳು ಮಡಚಿ ಕೂಡಿಸಿದಳು. "ಮೂವತ್ತೊಂದು," ಅಂದಳು. "ನೂರಕ್ಕೆ ಇನ್ನೂ ದೂರ ಇದೆ ಮರಿ. ಆದ್ರೆ ಎರಡರಿಂದ ಮೂವತ್ತೊಂದಾಗಿದೆ. ಬೂದಿ ಉಳೀತಾಳೆ."

ಜೇಬಿನಿಂದ ಮೆಷಿನ್ನಿನ ಚೀಟಿ ತೆಗೆದು ಬಿಚ್ಚಿದಳು. ಅದೂ ಹತ್ತಿರ ಹತ್ತಿರ ಅಷ್ಟನ್ನೇ ಹೇಳುತ್ತಿತ್ತು.

"ನಾನು ಹೇಳಿದ್ದನ್ನ ಹೇಗೆ ನಂಬಿದೆ?" ಎಂದು ಕೇಳಿದೆ. "ಚೀಟಿ ನೋಡೋ ಮುಂಚೆನೇ ಉಳೀತಾಳೆ ಅಂದೆಯಲ್ಲ?"

"ನಾಲ್ಕನೇ ಮನೆ ಖಾಲಿ ಅಂದೆಯಲ್ಲ, ಆಗ್ಲೇ ಉಳಿದ ಒಂಬತ್ತನ್ನೂ ನಂಬಿದೆ."

ನನಗೆ ಅಳು ತಡೆಯಲಾಗಲಿಲ್ಲ. ಸ್ಟೂಲಿನಿಂದ ಏಳದೆ, ಅವಳ ಬಿಳಿ ಕೋಟಿನಲ್ಲಿ ಮುಖ ಹುದುಗಿಸಿ ಅತ್ತೆ. ತಪ್ಪಾಯ್ತು ಅಂದೆ. ಅವಳು ನನ್ನ ತಲೆಯ ಮೇಲೆ ಕೈಯಿಟ್ಟು, ಒಂಬತ್ತು ವರ್ಷದವಳಿಗೆ ಮಾಡುತ್ತಿದ್ದಂತೆ ಬೆರಳಿನಲ್ಲೇ ಬೈತಲೆ ತೆಗೆಯುತ್ತಾ ಕಿಟಕಿಯಾಚೆ ಏನನ್ನೋ ನೋಡುತ್ತಾ ನಿಂತಳು.

ಡಾಕ್ಟರಮ್ಮ ಬಂದು ನೋಡಿ ಸಹಿ ಹಾಕಿದ ಮೇಲೆ ಅಕ್ಕ, ನಾನು, ಬೂದಿ ಮೂವರೂ ಮನೆಗೆ ಹೊರಟೆವು. ಅರ್ಧ ರಸ್ತೆಯಲ್ಲಿ ಅಕ್ಕ ನಿಂತುಬಿಟ್ಟಳು, ಮೋಡ ನೋಡಲಿಕ್ಕೆ. ಗಾಡಿಯವನೊಬ್ಬ ಹಾರ್ನ್ ಹೊಡೆದ. ಯಾವಾಗಲೂ ತೋಳು ಹಿಡಿದು ಎಳೆದುಕೊಂಡು ಹೋಗುವ ನಾನು ಅಂದು ಎಳೆಯಲಿಲ್ಲ. ಬೂದಿಯನ್ನು ಎತ್ತಿಕೊಂಡು ಅವಳ ಪಕ್ಕದಲ್ಲೇ ನಿಂತು, ಅವನು ಸುತ್ತಿಕೊಂಡು ಹೋಗಲಿ ಎಂದು ಕೈ ತೋರಿಸಿದೆ.